ನಿವೃತ್ತಿಗೆ ಯಾವ ಊರು: ಗೋಕಾಕ, ಮೂಡಲಗಿ, ಹುಕ್ಕೇರಿ

ಬೆಳಗಾವಿ ಜಿಲ್ಲೆಯ ನೌಕರದಾರರು ನಿವೃತ್ತಿಯ ಮನೆಯನ್ನು ಬಹುಕಾಲ ಧಾರವಾಡದಲ್ಲೋ ಬೆಳಗಾವಿಯಲ್ಲೋ ಕಟ್ಟುತ್ತ ಬಂದರು. ಮಾಸ್ತರರು, ಬ್ಯಾಂಕಿನವರು, ನೀರಾವರಿ ಇಲಾಖೆಯವರು ಇದಕ್ಕೆ ಹೊರತಾಗಿರಲಿಲ್ಲ. ಆ ಎರಡು ಊರುಗಳಲ್ಲಿ ಜಾಗದ ಬೆಲೆ ಒಬ್ಬ ಶಿಕ್ಷಕನ ಗ್ರಾಚುಯಿಟಿಗೆ ಎಟುಕದಷ್ಟು ಏರಿದ ಮೇಲೆ ಲೆಕ್ಕ ಬದಲಾಗಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಅಂಚಿನಲ್ಲಿ ಹೊಲಗಳು ಎನ್.ಎ. (ಕೃಷಿಯೇತರ) ಪ್ಲಾಟುಗಳಾಗಿವೆ. ಪಿಂಚಣಿಯ ಮೇಲೆ ನೆಮ್ಮದಿಯಾಗಿ ಇರಬಹುದಾದ ಊರುಗಳೆಂದು ಈ ಮೂರರ ಹೆಸರೂ ಮಾತಿನಲ್ಲಿ ಬರತೊಡಗಿದೆ. ರಾಜ್ಯ ಸರಕಾರಿ ನೌಕರರ ನಿವೃತ್ತಿ ವಯಸ್ಸು 60. ಆರೋಗ್ಯ ಚೆನ್ನಾಗಿದ್ದವರಿಗೆ ಅದರಾಚೆ ಹದಿನೈದು ವರ್ಷ ಕೈಕಾಲು ಗಟ್ಟಿಯಾಗಿರುತ್ತವೆ, ಅನಂತರ ಇನ್ನೊಂದಿಷ್ಟು ವರ್ಷ ಕೈಕಾಲು ಸೋತ ಬದುಕೂ ಇರುತ್ತದೆ. ಊರಿನ ಆಯ್ಕೆ ಈ ಎರಡೂ ಕಾಲಗಳಿಗೆ ಒಗ್ಗಬೇಕು. ಪ್ಲಾಟು ನೋಡಲು ಬರುವವರು ಮೊದಲನೆಯದನ್ನಷ್ಟೇ ನೋಡುತ್ತಾರೆ.

ಮೂರೂ ಊರುಗಳು ಘಟಪ್ರಭಾ ಕಣಿವೆಗೆ ಸೇರಿದವು, ಆದರೆ ಹವೆ ಒಂದೇ ಅಲ್ಲ. ಸಹ್ಯಾದ್ರಿಯ ಸೆರಗಿನ ಖಾನಾಪುರದಲ್ಲಿ ಸುರಿಯುವ ಮಳೆ ಪೂರ್ವಕ್ಕೆ ಬಂದಂತೆಲ್ಲ ಬೇಗಬೇಗನೆ ಕ್ಷೀಣಿಸುತ್ತದೆ. ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಹುಕ್ಕೇರಿ ತಾಲೂಕು ಬೆಳಗಾವಿ, ಚಿಕ್ಕೋಡಿ, ಬೈಲಹೊಂಗಲಗಳ ಜೊತೆ ಉತ್ತರದ ಸಂಕ್ರಮಣ ವಲಯದಲ್ಲಿದೆ. ಹಳೆಯ ಗೋಕಾಕ ತಾಲೂಕು, ಅಂದರೆ ಇಂದಿನ ಮೂಡಲಗಿಯೂ ಸೇರಿದಂತೆ, ಅಥಣಿ, ರಾಯಬಾಗ, ಸವದತ್ತಿ, ರಾಮದುರ್ಗಗಳ ಜೊತೆ ಉತ್ತರದ ಒಣ ವಲಯದಲ್ಲಿದೆ. ಈ ಗೆರೆ ಬರೀ ಕಾಗದದ ಮೇಲಿನದಲ್ಲ. ಹುಕ್ಕೇರಿ ತಾಲೂಕಿನ ಪಶ್ಚಿಮ ಭಾಗದಲ್ಲಿ ಜೂನ್ ಹೊತ್ತಿಗೆ ತಂಪುಗಾಳಿ ಏಳುತ್ತದೆ. ಗೋಕಾಕ ಪಟ್ಟಣವನ್ನು ಸುತ್ತುವರಿದ ಮರಳುಗಲ್ಲಿನ ಗುಡ್ಡಗಳು ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಕುಡಿದ ಬಿಸಿಲನ್ನು ರಾತ್ರಿ ಉಗುಳುತ್ತವೆ. ಮೂಡಲಗಿಯ ಬಯಲಿನಲ್ಲಿ ಬಿಸಿಲು ಅಷ್ಟೇ ಇದ್ದರೂ ಗಾಳಿಗೆ ತಡೆ ಇಲ್ಲ.

ಆಕಾಶ ಒಣಗಿದ್ದರೂ ನೆಲದ ಮೇಲೆ ನೀರಿದೆ ಎಂಬುದು ಈ ಸೀಮೆಯ ವಿಚಿತ್ರ. 1897ರಲ್ಲಿ ಮುಗಿದ ಧೂಪದಾಳದ ಒಡ್ಡು ಘಟಪ್ರಭಾ ಎಡದಂಡೆ ಕಾಲುವೆಗೆ ನೀರು ತಿರುಗಿಸಿತು. 1977ರಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಪೂರ್ಣಗೊಂಡ ರಾಜಾ ಲಖಮಗೌಡ ಜಲಾಶಯ ಸುಮಾರು 51 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಜೋಳ, ಸಜ್ಜೆ ಬೆಳೆಯುತ್ತಿದ್ದ ನೆಲಕ್ಕೆ ಕಬ್ಬು ಬಂದದ್ದು ಈ ನೀರಿನಿಂದ. ಅದರ ಹಿಂದೆಯೇ ಸವಳು-ಜವಳಿನ ಸಮಸ್ಯೆಯೂ ಬಂತು. ಮನೆ ಕಟ್ಟುವವರಿಗೆ ಇದು ನೇರವಾಗಿ ಸಂಬಂಧಿಸಿದ ಸಂಗತಿ. ಕಪ್ಪು ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯವನ್ನು ಗಟ್ಟಿ ಗರಸಿನವರೆಗೆ ಇಳಿಸದೆ ಎತ್ತಿದ ಗೋಡೆ ಕೆಲವೇ ವರ್ಷಗಳಲ್ಲಿ ಮೂಲೆಯಿಂದ ಸೀಳುತ್ತದೆ. ಕಾಲುವೆಯ ಕೆಳಗಿನ ತಗ್ಗಿನಲ್ಲಿ ತೆಗೆದ ಲೇಔಟುಗಳಲ್ಲಿ ಅಂತರ್ಜಲ ಮೇಲಿರುವುದರಿಂದ ಶೌಚಗುಂಡಿ ಮಳೆಗಾಲದಲ್ಲಿ ತುಂಬಿ ನಿಲ್ಲುತ್ತದೆ. ಅಗ್ಗದ ಪ್ಲಾಟು ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಇಂಥ ತಗ್ಗಿನ ಕಡೆಗೇ ಬೆರಳು ತೋರಿಸುತ್ತದೆ.

ಒಣಹವೆಯ ಸೀಮೆಯಲ್ಲಿ ನಿವೃತ್ತರಿಗೆಂದೇ ಊರು ಕಟ್ಟುವ ಕಲ್ಪನೆಗೆ ಜಗತ್ತಿನಲ್ಲಿ ದೊಡ್ಡ ಉದಾಹರಣೆ ಅಮೆರಿಕದ ಅರಿಜೋನಾ ಮರುಭೂಮಿಯ ಸನ್ ಸಿಟಿ. ಫೀನಿಕ್ಸ್ ನಗರದ ಹೊರವಲಯದಲ್ಲಿ ಡೆಲ್ ವೆಬ್ ಎಂಬ ಗುತ್ತಿಗೆದಾರ ಅದನ್ನು 1960ರ ಜನವರಿ 1ರಂದು ತೆರೆದಾಗ ಮೊದಲ ವಾರಾಂತ್ಯದಲ್ಲೇ ಲಕ್ಷದಷ್ಟು ಜನ ನೋಡಲು ಬಂದಿದ್ದರು. ಒಂದೇ ಅಂತಸ್ತಿನ ಮನೆ, ಗಾಲ್ಫ್ ಮೈದಾನ, ಈಜುಕೊಳ, ಹವ್ಯಾಸಕ್ಕೊಂದು ಕೋಣೆ, ಅಕ್ಕಪಕ್ಕದಲ್ಲಿ ತಮ್ಮದೇ ವಯಸ್ಸಿನವರು: ಅಲ್ಲಿ ಮಾರಾಟವಾದದ್ದು ಈ ಬದುಕು. ಮುದುಕರು ಮೂಲೆ ಸೇರಬೇಕೆಂಬ ರೂಢಿಯನ್ನು ಅದು ಮುರಿಯಿತು, ಆ ಮಟ್ಟಿಗೆ ಅದು ಮೆಚ್ಚಬೇಕಾದ ಪ್ರಯೋಗ. ಆದರೆ ಅದು ಮಕ್ಕಳಿಲ್ಲದ ಊರು, ಕಾರು ಅಥವಾ ಗಾಲ್ಫ್ ಗಾಡಿ ಓಡಿಸಬಲ್ಲವರ ಊರು. ಬೆಂಗಳೂರು, ಕೊಯಮತ್ತೂರುಗಳ ಸುತ್ತ ಇದೇ ಮಾದರಿಯ ವಸತಿ ಸಮುಚ್ಚಯಗಳು ಬಂದಿವೆ. ಗೋಕಾಕ ಸೀಮೆಯಲ್ಲಿ ಅಂಥದ್ದು ಬರಲಿಲ್ಲವೆಂದು ಹಳಹಳಿಸುವ ಕಾರಣವಿಲ್ಲ. ಇಲ್ಲಿನ ನಿವೃತ್ತರಿಗೆ ಬೇಕಾದದ್ದು ಹೊತ್ತು ಕಳೆಯುವ ಸೌಕರ್ಯಕ್ಕಿಂತ ಹೆಚ್ಚಾಗಿ ಊರಿನ ಕೆಲಸದಲ್ಲಿ ಒಂದು ಪಾಲು. ಅದನ್ನು ಕೊಡುವ ಶಕ್ತಿ ಮೂರೂ ಊರುಗಳಿಗಿದೆ, ಒಂದೊಂದಕ್ಕೂ ಒಂದೊಂದು ರೀತಿಯಲ್ಲಿ.

ಅದಕ್ಕೂ ಮುನ್ನ ಎರಡು ಕಟು ಪ್ರಶ್ನೆಗಳನ್ನು ದಾಟಬೇಕು. ಮೊದಲನೆಯದು ಪ್ರವಾಹ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ಮೂರೂ ನದಿಗಳು ಒಟ್ಟಿಗೆ ಉಕ್ಕಿದಾಗ ಗೋಕಾಕದ ತಗ್ಗು ಪ್ರದೇಶದ ಓಣಿಗಳು ಮುಳುಗಿದವು. ಘಟಪ್ರಭಾ ಮೇಲಿನ ಲೋಳಸೂರ ಸೇತುವೆ ನೀರಿನಡಿ ಹೋಯಿತು. 2021 ಮತ್ತು 2024ರ ಜುಲೈನಲ್ಲಿ ಮತ್ತೆ ಅದೇ ಸೇತುವೆ ಮುಳುಗಿತು. ಗೋಕಾಕ ನದಿಯ ಬಲದಂಡೆಯಲ್ಲಿದೆ. ಘಟಪ್ರಭಾ ರೈಲು ನಿಲ್ದಾಣ, ಮೂಡಲಗಿ, ಸಂಕೇಶ್ವರಗಳ ಕಡೆಗೆ ಹೋಗುವ ನೇರ ದಾರಿ ಈ ಸೇತುವೆಯ ಮೇಲೇ ಹಾಯುತ್ತದೆ. ಐದಾರು ವರ್ಷದಲ್ಲಿ ಮೂರು ಸಲ ಮುಳುಗುವ ಸೇತುವೆ ಅಪರೂಪದ ವಿಪತ್ತು ಎನಿಸಿಕೊಳ್ಳುವುದಿಲ್ಲ. ಅದು ಊರಿನ ಲಕ್ಷಣ. ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿಯ ದಂಡೆಯ ಮನೆಗಳಿಗೂ ನೀರು ನುಗ್ಗಿದ ಅನುಭವವಿದೆ. ಮೂಡಲಗಿ ತಾಲೂಕಿನಲ್ಲಿ ಸುಣಧೋಳಿಯಂಥ ಹೊಳೆದಂಡೆಯ ಹಳ್ಳಿಗಳು ನೆರೆಗೆ ತುತ್ತಾಗುತ್ತವೆ, ಮೂಡಲಗಿ ಪಟ್ಟಣ ಹೊಳೆಯಿಂದ ದೂರವಿದೆ. ಈ ಒಂದು ಅಳತೆಗೋಲಿನಲ್ಲಿ ಮೂಡಲಗಿ ಮತ್ತು ಹುಕ್ಕೇರಿ ಪಟ್ಟಣಗಳು ಗೋಕಾಕಕ್ಕಿಂತ ಸುರಕ್ಷಿತ. ಗೋಕಾಕದಲ್ಲೇ ಇರಬೇಕೆನ್ನುವವರು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಆ ಓಣಿಯ ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಸಾಕು, ಏಜೆಂಟನನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಎರಡನೆಯದು ಆಸ್ಪತ್ರೆ. ದಿನನಿತ್ಯದ ಬಿಪಿ, ಸಕ್ಕರೆ ಕಾಯಿಲೆಗೆ ಮೂರೂ ಕಡೆ ವೈದ್ಯರಿದ್ದಾರೆ. ಎದೆನೋವು, ಪಾರ್ಶ್ವವಾಯುಗಳ ವಿಷಯ ಬೇರೆ, ಅಲ್ಲಿ ಗಂಟೆಗಳೇ ಫಲಿತಾಂಶವನ್ನು ನಿರ್ಧರಿಸುತ್ತವೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಅದರಲ್ಲಿ ಲಕ್ಷಣ ಗುರುತಿಸುವ ಹೊತ್ತು, ಗಾಡಿ ಹುಡುಕುವ ಹೊತ್ತು, ಸ್ಕ್ಯಾನಿನ ಹೊತ್ತು ಎಲ್ಲ ಸೇರಬೇಕು. ಬೆಳಗಾವಿಯ ಕೆಎಲ್ಇ ಆಸ್ಪತ್ರೆಗೆ ಹುಕ್ಕೇರಿಯಿಂದ ಸುಮಾರು 50 ಕಿ.ಮೀ., ಅದರಲ್ಲಿ ದೊಡ್ಡ ಭಾಗ ಪುಣೆ–ಬೆಂಗಳೂರು ಹೆದ್ದಾರಿಯ ಓಟ. ಗೋಕಾಕದಿಂದ 60ಕ್ಕೂ ಹೆಚ್ಚು ಕಿ.ಮೀ., ಹೆದ್ದಾರಿಯ ಅನುಕೂಲ ಇಲ್ಲ. ಮೂಡಲಗಿಯಿಂದ ದೂರ ಇನ್ನೂ ಹೆಚ್ಚು. ಮೂಡಲಗಿ ಸೀಮೆಯವರು ಹಿಂದಿನಿಂದಲೂ ಮಿರಜದ ಕಡೆ ಹೊರಳುತ್ತ ಬಂದಿದ್ದಾರೆ. ವಾನ್ಲೆಸ್ ಆಸ್ಪತ್ರೆ ಅಲ್ಲಿ 19ನೇ ಶತಮಾನದ ಕೊನೆಯಿಂದ ನಡೆದುಬಂದಿದೆ, ರಾಜ್ಯದ ಗಡಿ ರೋಗಿಗೆ ಅಡ್ಡಿಯೆನಿಸಿಲ್ಲ.

ಬೆಳಗಾವಿ, ಮಿರಜಗಳ ನಡುವೆ ಬಹಳ ಜನ ಲೆಕ್ಕಕ್ಕೆ ಹಿಡಿಯದ ಒಂದು ಊರಿದೆ: ಘಟಪ್ರಭಾ. ಡಾ. ಕೊಕಟನೂರ ಮತ್ತು ಡಾ. ವೈದ್ಯ ಅವರು 1929ರಲ್ಲಿ ಕಟ್ಟಿದ ಕರ್ನಾಟಕ ಆರೋಗ್ಯಧಾಮ ಇಲ್ಲಿದೆ, ಸೇವಾದಳದ ಡಾ. ನಾ.ಸು. ಹರ್ಡೀಕರರ ಹೆಸರೂ ಅದರೊಂದಿಗೆ ಬೆಸೆದುಕೊಂಡಿದೆ. ಸಹಕಾರ ತತ್ವದ ಮೇಲೆ ನಡೆಯುವ ಇನ್ನೊಂದು ಆಸ್ಪತ್ರೆಯೂ ಇದೆ. ಮಿರಜ–ಲೋಂಡಾ ಮಾರ್ಗದ ರೈಲು ನಿಲ್ದಾಣವಿದೆ, ಬೆಂಗಳೂರಿನಿಂದ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದ ಮಗ ಬೆಳಿಗ್ಗೆ ಇಲ್ಲಿ ಇಳಿಯಬಹುದು. ಪಕ್ಕದ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವೂ ಕೃಷಿ ಸಂಶೋಧನಾ ಕೇಂದ್ರವೂ ಇವೆ. ಧೂಪದಾಳದ ಹಿನ್ನೀರಿನ ಪಕ್ಷಿಧಾಮ ಹತ್ತಿರದಲ್ಲೇ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರಕ್ಕೂ ಹತ್ತಿರವಾದ ರೈಲ್ವೆ ಊರು ಇದಾಗಿದ್ದರೂ ಪ್ಲಾಟಿನ ಜಾಹೀರಾತುಗಳಲ್ಲಿ ಇದಕ್ಕೆ ಸಿಗುವುದು "ನಿಲ್ದಾಣ ಸಮೀಪ" ಎಂಬ ಒಂದು ಸಾಲಿನ ಗೌರವ ಮಾತ್ರ.

ಇನ್ನು ನಡಿಗೆಯ ಪ್ರಶ್ನೆ. ಬೈಪಾಸಿನ ಆಚೆ ಸಾಲಾಗಿ ಎದ್ದ ಬಂಗಲೆಗಳು ನೋಡಲು ಚೆಂದ. ಅರವತ್ತರ ಹರೆಯದವರು ಸ್ಕೂಟರ್ ಮೇಲೆ ಐದು ನಿಮಿಷದಲ್ಲಿ ಬಜಾರಿಗೆ ಬರುತ್ತಾರೆ. ಎಪ್ಪತ್ತೈದರಲ್ಲಿ ಮೊಣಕಾಲು ಹಿಡಿದಾಗ, ಕಣ್ಣಿಗೆ ಪೊರೆ ಬಂದಾಗ ಅದೇ ಐದು ನಿಮಿಷದ ದಾರಿ ಯಾರದೋ ಉಪಕಾರಕ್ಕೆ ಕಾಯುವ ದಾರಿಯಾಗುತ್ತದೆ. ದಂಪತಿಗಳಲ್ಲಿ ಗಾಡಿ ಓಡಿಸುವವರು ಸಾಮಾನ್ಯವಾಗಿ ಗಂಡಸರು, ಹೆಚ್ಚು ವರ್ಷ ಬದುಕುವವರು ಸಾಮಾನ್ಯವಾಗಿ ಹೆಂಗಸರು. ಹೀಗಾಗಿ ಬೈಪಾಸಿನ ಮನೆ ಕೊನೆಗೆ ಒಬ್ಬ ವಿಧವೆಯ ಒಂಟಿ ಮನೆಯಾಗಿ ಉಳಿಯುವ ಸಂಭವ ಹೆಚ್ಚು. ನಿವೃತ್ತಿಯ ಮನೆಯನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಒಬ್ಬರೇ ಉಳಿದಾಗ, ಗಾಡಿ ಇಲ್ಲದಾಗ, ಔಷಧಿ ಅಂಗಡಿಗೂ ಗುಡಿಗೂ ಬಸ್‌ಸ್ಟ್ಯಾಂಡಿಗೂ ನಡೆದು ಹೋಗಬಹುದೇ? ಇದರ ಜೊತೆಗೆ ಕಬ್ಬಿನ ಹಂಗಾಮನ್ನೂ ಸೇರಿಸಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಿಂದ ಹಿಡಿದು ಹುಣಶ್ಯಾಳದ ಕಡೆಯ ಕಾರ್ಖಾನೆಯವರೆಗೆ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರುಗಳು ಹಗಲೂ ರಾತ್ರಿಯೂ ಓಡುತ್ತವೆ. ಕಬ್ಬಿನ ರವದಿ ಸುಟ್ಟ ಹೊಗೆ ಬೆಳಗಿನ ಮಂಜಿನೊಂದಿಗೆ ಕೆಳಗೇ ನಿಲ್ಲುತ್ತದೆ. ದಮ್ಮು ಇದ್ದವರು ಮುಖ್ಯರಸ್ತೆಯ ಪಕ್ಕದ ಪ್ಲಾಟನ್ನು, ಅದು ಎಷ್ಟೇ ಲಾಭದ್ದಾಗಿ ಕಂಡರೂ, ಬಿಟ್ಟುಬಿಡುವುದು ಲೇಸು.

ಚಟುವಟಿಕೆಯ ಬದುಕು ಎಂಬ ಮಾತಿಗೆ ಈ ಮೂರು ಊರುಗಳು ಕೊಡುವ ಅರ್ಥ ಬೇರೆಬೇರೆ. ಗೋಕಾಕ ಮೂರರಲ್ಲಿ ದೊಡ್ಡದು, 2011ರ ಜನಗಣತಿಯಲ್ಲೇ 80 ಸಾವಿರದ ಸಮೀಪವಿದ್ದ ಊರು. ಕರದಂಟಿನ ಅಂಗಡಿ, ಬಣ್ಣದ ಗೊಂಬೆ, ದೊಡ್ಡ ಪೇಟೆ, ಕಾಲೇಜುಗಳು ಇಲ್ಲಿವೆ. ಆರು ಕಿ.ಮೀ. ದೂರದಲ್ಲಿ ಘಟಪ್ರಭಾ 52 ಮೀಟರ್ ಎತ್ತರದಿಂದ ಧುಮುಕುವ ಜಾಗದಲ್ಲಿ 1880ರ ದಶಕದಲ್ಲೇ ನೂಲಿನ ಗಿರಣಿ ಬಂತು, ಅದರೊಂದಿಗೆ ಕಾರ್ಮಿಕರ ಸಂಸ್ಕೃತಿಯೂ ಬಂತು. ಬೆಟಗೇರಿ ಕೃಷ್ಣಶರ್ಮ, ಬಸವರಾಜ ಕಟ್ಟೀಮನಿ ಈ ಸೀಮೆಯಲ್ಲಿ ಹುಟ್ಟಿದವರು. ಸಾಹಿತ್ಯ ಪರಿಷತ್ತಿನ ಕಾರ್ಯಕ್ರಮ, ಉಪನ್ಯಾಸ, ನಾಟಕ ಎಂದರೆ ಇಂದಿಗೂ ಇಲ್ಲಿ ಜನ ಸೇರುತ್ತಾರೆ. ಓದುವ, ಬರೆಯುವ, ಸಭೆ ನಡೆಸುವ ರೂಢಿಯಿರುವ ನಿವೃತ್ತ ಪ್ರಾಧ್ಯಾಪಕರಿಗೆ ಉಳಿದೆರಡು ಊರುಗಳು ಬೇಗ ಬೇಸರ ತರಿಸಿಯಾವು. ಯೋಗಿಕೊಳ್ಳದ ಕಡೆಯ ನಡಿಗೆ ಬೇಸಿಗೆಯ ಬೆಳಗಿನಲ್ಲೂ ಹಿತವಾಗಿರುತ್ತದೆ, ಆದರೆ ಅದು ಕಾಲು ಗಟ್ಟಿ ಇದ್ದವರ ನಡಿಗೆ.

ಮೂಡಲಗಿಯ ಬದುಕು ತೋಟದ ಬದುಕು. ಗೋಕಾಕದಿಂದ ಬೇರ್ಪಟ್ಟು 2018ರಲ್ಲಿ ತಾಲೂಕಾದ ಈ ಊರಿನಲ್ಲಿ ತಲೆತಲಾಂತರದ ಕುಟುಂಬಗಳು ಊರೊಳಗಿನ ಮನೆಗಿಂತ ತೋಟದ ಮನೆಯಲ್ಲೇ ಹೆಚ್ಚಾಗಿ ಇರುತ್ತವೆ. ಎರಡೆಕರೆ ಜಮೀನು ಪಾಲಿಗೆ ಬಂದ ನಿವೃತ್ತ ನೌಕರನಿಗೆ ಇಲ್ಲಿ ಬಿಡುವು ಎಂಬುದೇ ಸಿಗದು: ನೀರಿನ ಪಾಳಿ, ಆಳಿನ ಹುಡುಕಾಟ, ಎಮ್ಮೆಯ ಹಾಲು, ಸೊಸೈಟಿಯ ಸಭೆ, ಕಬ್ಬಿನ ಬಿಲ್ಲಿನ ಓಡಾಟ. 2025ರ ನವೆಂಬರಿನಲ್ಲಿ ಕಬ್ಬಿನ ದರಕ್ಕಾಗಿ ರೈತರು ಗುರ್ಲಾಪುರ ಕ್ರಾಸಿನಲ್ಲಿ ದಿನಗಟ್ಟಲೆ ಕೂತಾಗ ರಾಜ್ಯವೇ ಈ ಕಡೆ ನೋಡಿತು. ಶಿವಬೋಧರಂಗ ಮಠದ ಪರಂಪರೆ, ಕುಲಗೋಡ ತಮ್ಮಣ್ಣನ ಕೈಯಲ್ಲಿ ರಂಗಕ್ಕೆ ಬಂದು ಕೌಜಲಗಿ ನಿಂಗಮ್ಮನ ಕಂಠದಲ್ಲಿ ನಾಡಿಗೆಲ್ಲ ಹಬ್ಬಿದ ಶ್ರೀಕೃಷ್ಣ ಪಾರಿಜಾತ, ಊರೂರಿನ ಭಜನಾ ಮಂಡಳಿ ಇವೂ ಈ ಮಣ್ಣಿನವೇ. ಜಮೀನಿಲ್ಲದೆ, ಬಳಗವಿಲ್ಲದೆ ಮೂಡಲಗಿಗೆ ಬಂದು ಬರೀ ಪ್ಲಾಟಿನಲ್ಲಿ ಮನೆ ಕಟ್ಟಿದವರಿಗೆ ಮಾತ್ರ ಇದಾವುದೂ ಸುಲಭಕ್ಕೆ ದಕ್ಕುವುದಿಲ್ಲ. ಇಲ್ಲಿ ಊರಿನವರು ಅನ್ನಿಸಿಕೊಳ್ಳಲು ಹೊಲ ಬೇಕು.

ಹುಕ್ಕೇರಿ ಸಹಕಾರದ ನೆಲ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ರಾಜ್ಯದಲ್ಲಿ ಈ ಬಗೆಯ ಒಂದೇ ಸಂಸ್ಥೆ. ಉಳಿದೆಡೆ ಹೆಸ್ಕಾಂ, ಬೆಸ್ಕಾಂಗಳು ಮಾಡುವ ಕೆಲಸವನ್ನು ಇಲ್ಲಿ ಸದಸ್ಯರ ಸಂಘವೇ ಮಾಡುತ್ತದೆ. ಸಂಘದ ಚುನಾವಣೆಯ ಕಾವು ಏನೆಂಬುದು ತಾಲೂಕಿನವರಿಗೆಲ್ಲ ಗೊತ್ತು. ಲೆಕ್ಕಪತ್ರ ಬಲ್ಲ, ಯಾರ ಹಂಗಿಗೂ ಬೀಳದ ನಿವೃತ್ತರು ಇಂಥ ಸಂಸ್ಥೆಗಳ ವಾರ್ಷಿಕ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಿದರೆ ಅದಕ್ಕಿಂತ ಉಪಯುಕ್ತವಾದ ಚಟುವಟಿಕೆ ಇನ್ನೊಂದಿರಲಾರದು. ಊರಿನ ಆದಿಲಶಾಹಿ ಕಾಲದ ಗುಮ್ಮಟಗಳು, ನಿಡಸೋಸಿಯ ದುರದುಂಡೀಶ್ವರ ಮಠ ಮತ್ತು ಅಲ್ಲಿನ ಎಂಜಿನಿಯರಿಂಗ್ ಕಾಲೇಜು, ಸಂಕೇಶ್ವರದ ಶಂಕರಲಿಂಗ ಗುಡಿ, ಅಲ್ಲಿನ ಮೆಣಸಿನಕಾಯಿ ಪೇಟೆ ಎಲ್ಲ ಸೇರಿ ತಾಲೂಕಿಗೆ ಒಂದು ಹಳೆಯ ಪೇಟೆಯ ಗಾಂಭೀರ್ಯವಿದೆ. ಮಕ್ಕಳು ಪುಣೆ, ಕೊಲ್ಹಾಪುರಗಳಲ್ಲಿರುವವರಿಗೆ ಹೆದ್ದಾರಿಯ ಮೇಲಿನ ಸಂಕೇಶ್ವರ ಹುಕ್ಕೇರಿಗಿಂತಲೂ ಅನುಕೂಲ.

ಹೆಂಗಸರ ದಿನಚರಿಯನ್ನು ಈ ಲೆಕ್ಕದಿಂದ ಬಿಡುವುದು ದೊಡ್ಡ ತಪ್ಪು. ಅರಳೀಕಟ್ಟೆ, ಚಹಾದಂಗಡಿ, ಸೊಸೈಟಿಯ ಕುರ್ಚಿ ಇವೆಲ್ಲ ಗಂಡಸರ ಜಾಗಗಳು. ನಿವೃತ್ತ ಶಿಕ್ಷಕಿಗೋ ನರ್ಸಿಗೋ ಉಳಿಯುವುದು ಅಕ್ಕನ ಬಳಗ, ಭಜನೆ, ಸ್ವಸಹಾಯ ಸಂಘ, ಓಣಿಯ ಮಕ್ಕಳ ಪಾಠ. ಇವೆಲ್ಲ ತುಂಬಿದ ಓಣಿಯಲ್ಲಿ ಸಾಧ್ಯ, ಅರ್ಧ ಖಾಲಿ ಬಿದ್ದ ಲೇಔಟಿನಲ್ಲಿ ಅಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಇದು ಹಿರಿಯ ಮಹಿಳೆಯರ ಓಡಾಟವನ್ನು ನಿಜಕ್ಕೂ ಸಲೀಸಾಗಿಸಿದೆ. ಬಸ್ಸು ನಿಲ್ಲುವ ಕಡೆ ಮನೆ ಇದ್ದರೆ ಮಾತ್ರ ಅದರ ಫಲ ಸಿಗುತ್ತದೆ.

ಕಾಗದಪತ್ರದ ವಿಷಯದಲ್ಲಿ ಮೂರೂ ಊರುಗಳಿಗೆ ಒಂದೇ ನಿಯಮ. ಕೃಷಿ ಜಮೀನನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಕೊಡುವ ವ್ಯವಹಾರದಿಂದ ದೂರ ಇರಬೇಕು. ಎನ್.ಎ. ಆದೇಶ, ಮಂಜೂರಾದ ನಕ್ಷೆ, ಇ-ಖಾತೆ ಮೂರನ್ನೂ ಕಣ್ಣಾರೆ ನೋಡದೆ ಮುಂಗಡ ಕೊಡಬಾರದು. ಇನ್ನೊಂದು ಮಾತು ಆಸ್ತಿಯನ್ನು ಬದುಕಿರುವಾಗಲೇ ಮಕ್ಕಳ ಹೆಸರಿಗೆ ಬರೆದುಕೊಡುವ ರೂಢಿಯ ಬಗ್ಗೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದಾಗ ನ್ಯಾಯಮಂಡಳಿಯ ಮೂಲಕ ಹಿಂಪಡೆಯಬಹುದು. ಷರತ್ತು ಬಾಯಿಮಾತಿನಲ್ಲಿದ್ದರೆ ಸಾಲದು, ಪತ್ರದಲ್ಲೇ ಬರೆಸಬೇಕು.

ಹುಟ್ಟಿದ ಊರಿಗೇ ಮರಳಬೇಕೆಂಬ ಸೆಳೆತ ದೊಡ್ಡದು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ನಲವತ್ತು ವರ್ಷ ಹೊರಗಿದ್ದವರ ನೆನಪಿನ ಊರಿನಲ್ಲಿ ಗೆಳೆಯರಿದ್ದರು. ಈಗಿನ ಊರಿನಲ್ಲಿ ಅವರ ಮಕ್ಕಳೂ ಇಲ್ಲದಿರಬಹುದು. ಜಮೀನು ಮತ್ತು ಬಳಗ ಎರಡೂ ಇದ್ದವರಿಗೆ ಮೂಡಲಗಿಯ ತೋಟಕ್ಕಿಂತ ಒಳ್ಳೆಯ ನಿವೃತ್ತಿ ಇಲ್ಲ, ಆಸ್ಪತ್ರೆಯ ದೂರವನ್ನು ಒಪ್ಪಿಕೊಂಡರೆ. ಹೃದಯದ ತೊಂದರೆ ಇರುವವರು, ಬಿಸಿಲು ತಾಳದವರು ಹುಕ್ಕೇರಿ ಅಥವಾ ಸಂಕೇಶ್ವರದ ಎತ್ತರದ ಓಣಿಗಳನ್ನು ನೋಡಬೇಕು. ಪುಸ್ತಕ, ಸಭೆ, ಪೇಟೆಯ ಗದ್ದಲ ಬೇಕಾದವರಿಗೆ ಗೋಕಾಕ, ಆದರೆ 2019ರ ನೀರಿನ ಗುರುತಿಗಿಂತ ಮೇಲೆ. ಜಮೀನೂ ಇಲ್ಲದ, ಯಾವ ಊರಿನ ಹಂಗೂ ಇಲ್ಲದ ಸಾಮಾನ್ಯ ಪಿಂಚಣಿದಾರ ದಂಪತಿಗಳಿಗೆ ಈ ಮೂರೂ ಪಟ್ಟಣಗಳಿಗಿಂತ ಘಟಪ್ರಭಾ–ಅರಭಾವಿ ಪಟ್ಟಿಯೇ ಹೆಚ್ಚು ಒಗ್ಗುತ್ತದೆ. ರೈಲು, ಆಸ್ಪತ್ರೆ, ಕಾಲೇಜು, ನಡೆಯುವ ದಾರಿ ನಾಲ್ಕೂ ಒಂದೆಡೆ ಇರುವ ಜಾಗ ಈ ಕಣಿವೆಯಲ್ಲಿ ಬೇರೆ ಇಲ್ಲ. ಯಾವ ಊರನ್ನು ಆರಿಸಿದರೂ ಪ್ಲಾಟಿಗೆ ಹಣ ಕಟ್ಟುವ ಮೊದಲು ಅಲ್ಲಿ ಒಂದು ಬಾಡಿಗೆ ಮನೆ ಹಿಡಿದು ಒಂದು ಮೇ ತಿಂಗಳು, ಒಂದು ಆಗಸ್ಟ್, ಕಬ್ಬಿನ ಹಂಗಾಮಿನ ಒಂದು ಜನವರಿಯನ್ನಾದರೂ ಕಳೆಯಬೇಕು.